ನೀರು ಯಾವುದರ ಮೇಲೆ ನಿಂತಿದೆ: ಮಾವನ ಜೊತೆ ಕೊಡಗಿನಲ್ಲಿ ನಾಲ್ಕು ದಿನ

ಅಮ್ಮ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ನವೆಂಬರ್ ಮೊದಲ ವಾರ, ಒಂದು ರಾತ್ರಿ ಮಾವ ಫೋನ್ ಮಾಡಿದರು. "ತುಲಾ ಮಾಸ ಮುಗಿಯೋದರೊಳಗೆ ತಲಕಾವೇರಿಗೆ ಹೋಗಿ ಬರೋಣ ಕಣಪ್ಪ. ನಿಮ್ಮಮ್ಮನಿಗೆ ಒಂದು ಸಲ ಹೋಗಬೇಕು ಅಂತಿತ್ತು. ಅವಳ ಬದಲು ನಾವು ಹೋಗೋಣ. ಕಾರು ನೀನು ಓಡಿಸು."

ಮಾವ ಅಂದರೆ ಅಮ್ಮನ ಅಣ್ಣ. ವಯಸ್ಸು 78. ಮೈಸೂರಿನ ಒಂದು ಪಾಠಶಾಲೆಯಲ್ಲಿ ಮೂವತ್ತು ವರ್ಷ ತರ್ಕದ ಪಾಠ ಹೇಳಿದವರು. ಸಂಧ್ಯಾವಂದನೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ನಾನು, ಅಮ್ಮ ಆಸ್ಪತ್ರೆಯಲ್ಲಿದ್ದ ಇಪ್ಪತ್ತೆರಡು ದಿನ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತು, ಇಪ್ಪತ್ತಮೂರನೇ ದಿನ ಎಲ್ಲವನ್ನೂ ಬಿಟ್ಟವನು. ಅವತ್ತಿಂದ ಗುಡಿಯೊಳಗೆ ಕಾಲಿಟ್ಟಿರಲಿಲ್ಲ. ಮಾವನಿಗೆ ಅದು ಗೊತ್ತಿತ್ತು. ಯಾಕೆ ಅಂತ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದರೂ ಹ್ಞೂಂ ಅಂದೆ. ಅಮ್ಮನ ಹೆಸರು ಬಂದಮೇಲೆ ಇಲ್ಲ ಅನ್ನೋದು ಹೇಗೆ?

ಮೊದಲ ದಿನ: ಬೈಲುಕುಪ್ಪೆ, ಕುಶಾಲನಗರ

ಹುಣಸೂರು, ಪಿರಿಯಾಪಟ್ಟಣ ದಾಟಿ ಬೈಲುಕುಪ್ಪೆಗೆ ಬಂದಾಗ ಮಧ್ಯಾಹ್ನ. ಲೆಕ್ಕಕ್ಕೆ ಇದಿನ್ನೂ ಮೈಸೂರು ಜಿಲ್ಲೆ. ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು. ಆದರೆ ಕೊಡಗಿಗೆ ಹೋಗುವವರೆಲ್ಲ ಇಲ್ಲಿ ಒಮ್ಮೆ ಇಳಿದೇ ಇಳಿಯುತ್ತಾರೆ. ನಾವೂ ನಾಮ್ಡ್ರೋಲಿಂಗ್ ಮಠದ ಗೋಲ್ಡನ್ ಟೆಂಪಲ್ ನೋಡಿದೆವು. ಒಳಗೆ ಚಿನ್ನದ ಬಣ್ಣದ ಮೂರು ಮೂರ್ತಿ. ನಡುವೆ ಇರುವ ಬುದ್ಧ 60 ಅಡಿ. ಜನವೋ ಜನ, ಎಲ್ಲರ ಕೈಯಲ್ಲೂ ಮೊಬೈಲು. ಬೇಗ ಹೊರಗೆ ಬಂದೆವು.

ಮಾವ ನೋಡಬೇಕು ಅಂದುಕೊಂಡು ಬಂದದ್ದು ಬೇರೆ. ಅಲ್ಲೇ ಸ್ವಲ್ಪ ದೂರದಲ್ಲಿ ಸೆರಾ ಮಠ ಇದೆ. 1419ರಲ್ಲಿ ಟಿಬೆಟಿನ ಲಾಸಾದ ಹತ್ತಿರ ಶುರುವಾದ ಮಠ. 1959ರಲ್ಲಿ ಅಲ್ಲಿ ಚೀನಾ ವಿರುದ್ಧ ಎದ್ದ ಗಲಾಟೆಯಲ್ಲಿ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಆಮೇಲೆ ಕಾಡು ಕಡಿದು, ಜೋಳ ಬಿತ್ತಿ, ಇಲ್ಲಿ ಅದನ್ನು ಮತ್ತೆ ಕಟ್ಟಿಕೊಂಡರು. ಅಲ್ಲಿ ಓದುವ ಹುಡುಗರು ಅಂಗಳದಲ್ಲಿ ಕೂತು ದಿನಾ ವಾದ ಮಾಡುತ್ತಾರೆ.

ಸಂಜೆ ಐದರ ಹೊತ್ತಿಗೆ ಅಂಗಳದ ಅಂಚಿನಲ್ಲಿ ನಿಂತೆವು. ಕೆಂಪು ಬಟ್ಟೆಯ ನೂರಾರು ಹುಡುಗರು, ಇಬ್ಬಿಬ್ಬರ ಜೋಡಿ. ಒಬ್ಬ ಕೂತಿರುತ್ತಾನೆ, ಒಬ್ಬ ನಿಂತಿರುತ್ತಾನೆ. ನಿಂತವನು ಕೇಳುವವನು, ಕೂತವನು ಹೇಳುವವನು. ಪ್ರಶ್ನೆ ಮುಗಿಯುವ ಹೊತ್ತಿಗೆ ನಿಂತವನು ಎಡಗಾಲು ಎತ್ತಿ ನೆಲಕ್ಕೆ ಬಡಿದು, ಬಲಗೈ ಮೇಲಿಂದ ಬೀಸಿ ಎಡ ಅಂಗೈಗೆ ಹೊಡೆಯುತ್ತಾನೆ. ಪಟ್ ಅಂತ ಸದ್ದು. ನೂರು ಜೋಡಿ ಒಟ್ಟಿಗೆ ಹೀಗೆ ಮಾಡುವಾಗ ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳುತ್ತದೆ. ನಮ್ಮ ಹತ್ತಿರ ಇದ್ದ ಜೋಡಿಯಲ್ಲಿ ಕೂತ ಹುಡುಗನಿಗೆ ಹದಿನೈದು ಇರಬಹುದು. ಕಿವಿ ಕೆಂಪಾಗಿತ್ತು. ಎದುರಿನವನು ಜಪಸರವನ್ನು ತೋಳಿನ ಮೇಲಕ್ಕೆ ಸರಿಸಿಕೊಂಡು ಬಿಡದೆ ಕೇಳುತ್ತಿದ್ದ.

ಪಕ್ಕದಲ್ಲಿ ನಿಂತಿದ್ದ ಒಬ್ಬ ಭಿಕ್ಷುವಿಗೆ ಒಳ್ಳೆ ಕನ್ನಡ ಬರುತ್ತಿತ್ತು. ಮಾವ ಅವರನ್ನು ಹಿಡಿದುಕೊಂಡರು. "ಕೂತವನು ಮನಸ್ಸಿಗೆ ಬಂದ ಹಾಗೆ ಉತ್ತರ ಕೊಡುವ ಹಾಗಿಲ್ಲ" ಅಂತ ಅವರು ವಿವರಿಸಿದರು. ಒಪ್ಪಿದೆ ಅನ್ನಬಹುದು. ಯಾಕೆ ಅಂತ ಕೇಳಬಹುದು. ನೀನು ಕೊಟ್ಟ ಕಾರಣ ಸಾಬೀತಾಗಿಲ್ಲ ಅನ್ನಬಹುದು. ಇಲ್ಲಾಂದ್ರೆ ವ್ಯಾಪ್ತಿ ಇಲ್ಲ ಅನ್ನಬಹುದು.

"ವ್ಯಾಪ್ತಿ ಇಲ್ಲ ಅಂತಾನಾ!" ಮಾವನ ದನಿ ಏರಿತು. ಮೂವತ್ತು ವರ್ಷ ಅವರು ಪಾಠ ಮಾಡಿದ್ದು ಇದನ್ನೇ. ಬೆಟ್ಟದ ಮೇಲೆ ಬೆಂಕಿ ಇದೆ, ಯಾಕೆಂದರೆ ಹೊಗೆ ಕಾಣುತ್ತಿದೆ. ಆದರೆ ಹೊಗೆ ಇದ್ದ ಕಡೆಯೆಲ್ಲ ಬೆಂಕಿ ಇರುತ್ತದೆ ಅನ್ನೋದು ಗಟ್ಟಿಯಾದರೆ ಮಾತ್ರ ಆ ಮಾತು ನಿಲ್ಲುತ್ತದೆ. ಆ ಬಿಡದ ಸಂಬಂಧಕ್ಕೆ ವ್ಯಾಪ್ತಿ ಅಂತ ಹೆಸರು. ಈ ಲೆಕ್ಕವನ್ನು ತಿದ್ದಿ ತೀಡಿದವರಲ್ಲಿ ಬೌದ್ಧ ಪಂಡಿತರಾದ ದಿಗ್ನಾಗ, ಧರ್ಮಕೀರ್ತಿ ದೊಡ್ಡವರು. ದಿಗ್ನಾಗ ಕಂಚಿಯ ಕಡೆಯವರು ಅಂತ ಟಿಬೆಟಿನವರೇ ಹೇಳುತ್ತಾರೆ. ಇಲ್ಲಿಂದ ಹೊರಟ ಮಾತು ನಾಳಂದಾಕ್ಕೆ ಹೋಗಿ, ಹಿಮಾಲಯ ದಾಟಿ, ಅಲ್ಲಿ ಸಾವಿರ ವರ್ಷಕ್ಕೂ ಜಾಸ್ತಿ ಇದ್ದು, ಈಗ ಕಾವೇರಿ ದಂಡೆಗೆ ವಾಪಸು ಬಂದಿದೆ. ಮಾವ ಆ ಹುಡುಗನ ಬಾಯನ್ನೇ ನೋಡುತ್ತಾ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು.

ಗಂಟೆ ಹೊಡೆಯಿತು. ಹುಡುಗರೆಲ್ಲ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಂತ್ರ ಶುರುವಾಯಿತು, ಗಂಟಲಿನ ಆಳದಿಂದ ಬರುವ ದನಿ.

"ಇಷ್ಟೊತ್ತು ಅಷ್ಟೆಲ್ಲ ಕೇಳಿದವರು ಈಗ ಒಳಗೆ ಹೋಗಿ ಅಡ್ಡ ಬೀಳ್ತಾರಲ್ಲ ಮಾವ?" ಅಂದೆ.

"ಅದನ್ನೇ ನಾನೂ ನೋಡ್ತಿದೀನಿ."

"ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟಬೇಕು ಅಂತ ಮೊದಲೇ ಗೊತ್ತಿದ್ರೆ ಅದು ಪ್ರಶ್ನೆ ಹೇಗಾಗುತ್ತೆ?"

ಮಾವ ತಕ್ಷಣ ಉತ್ತರ ಕೊಡಲಿಲ್ಲ. ಕಾರಿನ ಹತ್ತಿರ ಬಂದಮೇಲೆ ಹೇಳಿದರು. "ನಮ್ಮಲ್ಲೂ ಹಾಗೇ. ವೇದಮಂತ್ರಗಳಿಗೆ ಅರ್ಥವೇ ಇಲ್ಲ ಅಂತ ಕೌತ್ಸ ಅನ್ನೋನು ವಾದ ಮಾಡಿದ್ದ. ಯಾಸ್ಕರು ನಿರುಕ್ತದಲ್ಲಿ ಅದನ್ನ ಎತ್ತಿಕೊಂಡು ಖಂಡಿಸಿದರು. ವೇದವನ್ನೇ ಒಪ್ಪದ ಚಾರ್ವಾಕರ ಪುಸ್ತಕ ಒಂದೂ ಪೂರ್ತಿ ಉಳಿದಿಲ್ಲ. ಅವರ ಮಾತು ನಮಗೆ ಸಿಕ್ಕಿರೋದು ಅವರನ್ನ ಬೈದವರ ಪುಸ್ತಕದಲ್ಲಿ. ಖಂಡಿಸೋದಕ್ಕೇ ಬರೆದಿಟ್ಟರು, ಒಪ್ಪಿದೆ. ಆದರೆ ಬರೆದಿಟ್ಟರು. ಅಳಿಸಿಬಿಡಬಹುದಿತ್ತಲ್ವಾ?"

ರಾತ್ರಿ ಕುಶಾಲನಗರದಲ್ಲಿ ಉಳಿದೆವು. ಊಟ ಆದಮೇಲೆ ಹೊಳೆಯ ದಂಡೆಗೆ ಹೋಗಿ ಕೂತೆವು. ಮಳೆಗಾಲ ಮುಗಿದಿತ್ತು. ನೀರು ಸದ್ದಿಲ್ಲದೆ ಹೋಗುತ್ತಿತ್ತು. ಮಾವ ಉಪನಿಷತ್ತಿನ ಗಾರ್ಗಿಯ ಕತೆ ಹೇಳಿದರು. ನನಗೆ ಗೊತ್ತಿದ್ದ ಕತೆಯೇ. ಆದರೆ ನೀರಿನ ಪಕ್ಕ ಕೂತು ಕೇಳಿದ್ದು ಅದೇ ಮೊದಲು.

ಜನಕರಾಜನ ಸಭೆ. ಗೆದ್ದವರಿಗೆ ಸಾವಿರ ಹಸು. ಯಾಜ್ಞವಲ್ಕ್ಯರನ್ನು ಒಬ್ಬೊಬ್ಬರಾಗಿ ಪ್ರಶ್ನೆ ಕೇಳಿ ಸೋತರು. ಆಗ ಗಾರ್ಗಿ ಎದ್ದಳು. ಅವಳ ಪ್ರಶ್ನೆ ಶುರುವಾಗೋದು ನೀರಿನಿಂದ. ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿ ನೇಯ್ದಿದೆ ಅಂತೀರಿ, ಹಾಗಾದರೆ ನೀರು ಯಾವುದರಲ್ಲಿ ನೇಯ್ದಿದೆ? ಗಾಳಿಯಲ್ಲಿ. ಗಾಳಿ ಯಾವುದರಲ್ಲಿ? ಹೀಗೆ ಒಂದೊಂದೇ ಲೋಕ ಹತ್ತಿ, ಸೂರ್ಯ, ಚಂದ್ರ, ನಕ್ಷತ್ರ, ದೇವತೆಗಳು, ಇಂದ್ರ, ಪ್ರಜಾಪತಿ, ಕೊನೆಗೆ ಬ್ರಹ್ಮಲೋಕ. ಬ್ರಹ್ಮಲೋಕ ಯಾವುದರಲ್ಲಿ ನೇಯ್ದಿದೆ? ಅಲ್ಲಿ ಯಾಜ್ಞವಲ್ಕ್ಯರು ಹೇಳಿದರು: ಗಾರ್ಗಿ, ಜಾಸ್ತಿ ಕೇಳಬೇಡ, ನಿನ್ನ ತಲೆ ಬಿದ್ದುಹೋದೀತು.

"ಅವಳು ಸುಮ್ಮನಾದಳು" ಅಂದರು ಮಾವ. "ಎಲ್ಲರೂ ಕತೆ ಇಲ್ಲಿಗೆ ನಿಲ್ಲಿಸ್ತಾರೆ. ಆದರೆ ಸ್ವಲ್ಪ ಹೊತ್ತಾದ ಮೇಲೆ ಅವಳು ಮತ್ತೆ ಏಳ್ತಾಳೆ. ಕಾಶಿಯ ವೀರನೊಬ್ಬ ಎರಡು ಬಾಣ ಹಿಡಿದು ನಿಂತ ಹಾಗೆ ಎರಡು ಪ್ರಶ್ನೆ ಹಿಡಿದು ನಿಂತಿದೀನಿ ಅಂತಾಳೆ. ಈ ಸಲ ತಲೆ ಬೀಳುತ್ತೆ ಅಂತ ಯಾರೂ ಹೆದರಿಸಲಿಲ್ಲ. ಉತ್ತರ ಸಿಕ್ಕಿತು. ಎರಡನೇ ಸಲ ಎದ್ದಳಲ್ಲ, ಅದು ದೊಡ್ಡದು ಕಣಪ್ಪ."

ಆಮೇಲೆ ತುಂಬ ಹೊತ್ತು ಅವರು ಮಾತಾಡಲಿಲ್ಲ. ಚಳಿ ಅಂತ ನಾನೇ ಎಬ್ಬಿಸಿದೆ.

ಎರಡನೇ ದಿನ: ಮಡಿಕೇರಿ, ಕಕ್ಕಬ್ಬೆ

ಮಡಿಕೇರಿಯಲ್ಲಿ ಓಂಕಾರೇಶ್ವರ ದೇವಸ್ಥಾನಕ್ಕೆ ಮಾವ ಹೋಗಿ ಬಂದರು. ನಾನು ಕೆರೆಯ ಕಟ್ಟೆ ಮೇಲೆ ಕೂತಿದ್ದೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ದೂರದಿಂದ ನೋಡಿದರೆ ದರ್ಗಾ ಇರಬೇಕು ಅನ್ನಿಸುವಂಥ ಗುಮ್ಮಟ. ರಾಜನಿಗೆ ಬ್ರಹ್ಮಹತ್ಯೆಯ ಪಾಪ ಕಾಡುತ್ತಿತ್ತು, ಅದನ್ನು ಕಳೆದುಕೊಳ್ಳಲು ಕಾಶಿಯಿಂದ ಲಿಂಗ ತರಿಸಿ ಕಟ್ಟಿಸಿದ ಅಂತ ಊರಲ್ಲಿ ಕತೆ ಇದೆ. ರಾಜಾಸೀಟಿನಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಮಧ್ಯಾಹ್ನ ನಾಪೋಕ್ಲು ಮೇಲೆ ಕಕ್ಕಬ್ಬೆಗೆ ಹೋದೆವು. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟ, 1,748 ಮೀಟರ್, ಈ ಊರಿನ ಮೇಲೇ ನಿಂತಿದೆ. ಪರಿಚಯದವರೊಬ್ಬರ ಮೂಲಕ ಒಂದು ಕೊಡವ ಮನೆಯಲ್ಲಿ ಉಳಿಯುವ ಏರ್ಪಾಡಾಗಿತ್ತು. ಅವರ ಒಕ್ಕದ, ಅಂದರೆ ಕುಲದ, ಹಿರಿಯರ ಕಾಲದ ಐನ್‌ಮನೆ ಪಕ್ಕದಲ್ಲೇ. ಯಜಮಾನರು ಸೇನೆಯಲ್ಲಿದ್ದು ನಿವೃತ್ತರಾದವರು. "ಬನ್ನಿ, ಮೊದಲು ದೊಡ್ಡ ಮನೆ ನೋಡಿ, ಆಮೇಲೆ ಕಾಫಿ" ಅಂದರು.

ಗದ್ದೆಯ ಏರಿ ಹಿಡಿದು ಹೋಗಬೇಕು. ಭತ್ತ ಹಳದಿಗೆ ತಿರುಗುತ್ತಿತ್ತು, ಸುಗ್ಗಿಯ ಹಬ್ಬ ಪುತ್ತರಿಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಜಗಲಿಯಲ್ಲಿ ಅಗಲವಾದ ಮರದ ಹಲಗೆ, ಐಮರ ಅಂತಾರೆ. ನೂರಾರು ವರ್ಷ ಜನ ಕೂತು ಕೂತು ಅದು ಗಾಜಿನ ಹಾಗೆ ನುಣುಪಾಗಿತ್ತು. ಒಳಗೆ ನಡುಮನೆ, ನೆಲ್ಲಕ್ಕಿ ನಡುಬಾಡೆ. ಅಲ್ಲಿ ತೂಗು ದೀಪ ಉರಿಯುತ್ತಿತ್ತು. ಹೊರಗೆ ಒಂದು ಸಣ್ಣ ಗುಡಿ, ಕೈಮಡ. ಅದು ಒಕ್ಕದ ಮೂಲಪುರುಷ ಗುರುಕಾರಣನದ್ದು. ಕೊಡವರಲ್ಲಿ ಮನೆಯ ಶುಭಕಾರ್ಯಕ್ಕೆ ಪುರೋಹಿತರು ಬೇಕೇ ಬೇಕು ಅಂತಿಲ್ಲ. ಹಿರಿಯರು ದೀಪದ ಮುಂದೆ ನಿಂತು ಗುರುಕಾರಣನನ್ನು ನೆನೆದರೆ ಆಯಿತು.

ಅಂಗಳದಲ್ಲಿ ಒಂದು ನಾಟಿ ಹುಂಜ ಓಡಾಡುತ್ತಿತ್ತು. ಕತ್ತಿನ ಸುತ್ತ ಕೆಂಪು ಗರಿ, ಬಾಲ ಕಪ್ಪು, ಬಿಸಿಲಿಗೆ ಹಸಿರು ಹೊಳಪು. ನಮ್ಮನ್ನು ನೋಡಿ ಒಂದು ಕಾಲು ಎತ್ತಿ ಹಾಗೇ ನಿಂತಿತು. "ಇದು ಕಾರಣರಿಗೆ ಬಿಟ್ಟಿರೋದು" ಅಂದರು ಯಜಮಾನರು. ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಕೋಳಿ, ಮದ್ಯ ಎಡೆ ಇಡುತ್ತಾರೆ.

ಮಾವ ಮಾಂಸ ತಿನ್ನುವವರಲ್ಲ. ಮುಖ ಸ್ವಲ್ಪ ಚಿಕ್ಕದಾಯಿತು. ಯಜಮಾನರೂ ಗಮನಿಸಿದರು. ನಾನು ಮಧ್ಯೆ ಬಂದು ಕೇಳಿದೆ, "ಸರ್, ನೀವು ನಂಬ್ತೀರಾ? ಹಿರಿಯರು ಬಂದು ತಗೊಳ್ತಾರೆ ಅಂತ?"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನನಗೆ ದೇವರ ವಿಷಯ ಅಷ್ಟು ಗೊತ್ತಿಲ್ಲ. ನಮ್ಮ ಅಜ್ಜ ಗೊತ್ತು. ಈ ಗದ್ದೆ ಅವರು ಮಾಡಿದ್ದು. ಅವರಿಗೊಂದು ಊಟ ಕೊಡಬೇಕು. ಬಂದು ತಿಂತಾರಾ ಅಂತ ಕೇಳಿದ್ರೆ, ನಾನು ಇಣುಕಿ ನೋಡಿಲ್ಲ."

ಅವತ್ತು ರಾತ್ರಿ ನಮಗೆ ನೂಲ್‌ಪುಟ್ಟು, ಕುಂಬಳಕಾಯಿ ಸಾರು, ಬೆಲ್ಲದ ಕಾಫಿ. ಮಲಗುವ ಮುಂಚೆ ನಾನು ಸಾಕ್ರಟೀಸನ ಕತೆ ತೆಗೆದೆ. ಆ ಹುಂಜ ನನ್ನ ತಲೆಯಿಂದ ಹೋಗಿರಲಿಲ್ಲ.

ಕ್ರಿ.ಪೂ. 399ರಲ್ಲಿ ಅಥೆನ್ಸಿನಲ್ಲಿ ಎಪ್ಪತ್ತು ವರ್ಷದ ಸಾಕ್ರಟೀಸನ ಮೇಲೆ ಎರಡು ಆರೋಪ. ಊರಿನ ದೇವರನ್ನು ಒಪ್ಪದೆ ಹೊಸ ದೈವಗಳನ್ನು ತರುತ್ತಾನೆ, ಮತ್ತು ಹುಡುಗರನ್ನು ಕೆಡಿಸುತ್ತಾನೆ. ಮರಣದಂಡನೆ ಆಯಿತು. ನಾನು ಇದುವರೆಗೆ ಅವನನ್ನು ನನ್ನ ಪಕ್ಷದವನು ಅಂದುಕೊಂಡಿದ್ದೆ. ದೇವರನ್ನು ಪ್ರಶ್ನೆ ಮಾಡಿ ಸತ್ತವನು. ಆದರೆ ವಿಷ ಮೈಗೆ ಏರಿ ಕಾಲು ತಣ್ಣಗಾಗಿ, ಹೊದಿಕೆ ಸರಿಸಿ ಅವನು ಆಡಿದ ಕೊನೆಯ ಮಾತು ಅಂತ ಪ್ಲೇಟೊ ಬರೆದಿರುವುದು ಇದು: ಕ್ರಿಟೊ, ಅಸ್ಕ್ಲೀಪಿಯಸ್ ದೇವರಿಗೆ ಒಂದು ಹುಂಜ ಕೊಡಬೇಕಿದೆ, ಮರೆಯಬೇಡ.

ಮಾವ ಹಾಸಿಗೆಯಲ್ಲಿ ಎದ್ದು ಕೂತರು. "ಹುಂಜ ಅಂದನಾ?"

"ಹುಂಜನೇ. ಅಸ್ಕ್ಲೀಪಿಯಸ್ ಅಂದ್ರೆ ರೋಗ ವಾಸಿ ಮಾಡೋ ದೇವರು."

"ಅಲ್ಲಯ್ಯ, ಅವನು ಪ್ರಶ್ನೆ ಕೇಳೋಕೆ ಶುರು ಮಾಡಿದ್ದು ಹೇಗೆ?"

ಅದೂ ದೇವರಿಂದಲೇ. ಡೆಲ್ಫಿಯ ಗುಡಿಯಲ್ಲಿ ಅವನ ಗೆಳೆಯ ಹೋಗಿ ಕೇಳಿದಾಗ, ಸಾಕ್ರಟೀಸನಿಗಿಂತ ತಿಳಿದವರು ಯಾರೂ ಇಲ್ಲ ಅಂತ ಅಪ್ಪಣೆಯಾಯಿತು. ನನಗೇನೂ ಗೊತ್ತಿಲ್ಲ, ದೇವರು ಸುಳ್ಳು ಹೇಳೋದಿಲ್ಲ, ಹಾಗಾದರೆ ಇದರ ಅರ್ಥ ಏನು ಅಂತ ಸಾಕ್ರಟೀಸ್ ಆ ಮಾತನ್ನೇ ಪರೀಕ್ಷೆಗೆ ಹಚ್ಚಿದ. ತನಗಿಂತ ತಿಳಿದವರನ್ನು ಹುಡುಕಿಕೊಂಡು ಊರೆಲ್ಲ ತಿರುಗಿದ. ನ್ಯಾಯಾಲಯದಲ್ಲಿ ಅವನು, ಇದು ನಾನು ದೇವರಿಗೆ ಮಾಡುತ್ತಿರುವ ಸೇವೆ ಅಂದ.

ಹೇಳುತ್ತಾ ಹೇಳುತ್ತಾ ನನಗೇ ಒಂದು ವಿಷಯ ಹೊಳೆಯಿತು. ಅಮ್ಮ ಹೋದ ದಿನ ನಾನು ನಂಬಿಕೆ ಬಿಟ್ಟೆ ಅಂದುಕೊಂಡಿದ್ದೆ. ಪ್ರಶ್ನೆಯನ್ನೂ ಅವತ್ತೇ ಬಿಟ್ಟಿದ್ದೆ. ಹದಿನಾಲ್ಕು ತಿಂಗಳು ಯಾರನ್ನೂ ಏನೂ ಕೇಳಿರಲಿಲ್ಲ, ನನ್ನನ್ನೂ. ಉತ್ತರ ಗೊತ್ತಾಯಿತು ಅನ್ನುವವನ ಹಾಗೆ ಬಾಗಿಲು ಹಾಕಿ ಕೂತಿದ್ದೆ. ಮಾವನಿಗೆ ಇದನ್ನು ಹೇಳಲಿಲ್ಲ. ದೀಪ ಆರಿಸಿದೆ.

ಬೆಳಗಿನ ಜಾವ ಹುಂಜ ಕೂಗಿತು. ಇಬ್ಬರಿಗೂ ಎಚ್ಚರ ಇತ್ತು.

ಮೂರನೇ ದಿನ: ಭಾಗಮಂಡಲ, ತಲಕಾವೇರಿ

ಭಾಗಮಂಡಲದ ಸಂಗಮದಲ್ಲಿ ಮಾವ ಸ್ನಾನ ಮಾಡಿದರು. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ. ಮೂರನೆಯ ಸುಜ್ಯೋತಿ ಗುಪ್ತಗಾಮಿನಿ, ನೆಲದೊಳಗೆ ಬಂದು ಸೇರುತ್ತಾಳೆ ಅಂತ ನಂಬಿಕೆ. ನಾನು ಮೊಣಕಾಲಿನವರೆಗೆ ಇಳಿದು ಅವರ ಕೈ ಹಿಡಿದುಕೊಂಡಿದ್ದೆ. ನೀರು ಕೊರೆಯುತ್ತಿತ್ತು.

ಅಲ್ಲಿಂದ ತಲಕಾವೇರಿ 8 ಕಿ.ಮೀ. ಏರು ದಾರಿ, ತಿರುವು ಮೇಲೆ ತಿರುವು. ಒಂದು ತಿರುವಿನ ಮೇಲೆ ಬೆಟ್ಟದ ಮೈ ಸೀಳಿದ ಗುರುತು ಕಂಡಿತು. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಗಿತ್ತು. ಅದಕ್ಕೆ ಎರಡು ವರ್ಷ ಮುಂಚೆ, 2018ರ ಆಗಸ್ಟ್‌ನಲ್ಲೂ, ಕೊಡಗಿನ ಎಷ್ಟೋ ಕಡೆ ಗುಡ್ಡ ಜಾರಿ ಮನೆ, ತೋಟ, ಜನ ಎಲ್ಲ ಹೋಗಿದ್ದರು.

ನಾನು ಕಾರು ಬದಿಗೆ ಹಾಕಿದೆ. ಒಳಗಿದ್ದದ್ದು ಹೊರಗೆ ಬಂತು. "ದಿನಾ ಪೂಜೆ ಮಾಡಿದವರು ಮಾವ. ಬೇರೆ ಯಾರನ್ನಲ್ಲದಿದ್ರೂ ಅವರನ್ನಾದರೂ ಕಾಯಬೇಕಿತ್ತಲ್ವಾ? ಕಾಯೋಕೆ ಮನಸ್ಸಿದ್ದು ಶಕ್ತಿ ಇರಲಿಲ್ವಾ? ಶಕ್ತಿ ಇದ್ದೂ ಮನಸ್ಸು ಮಾಡಲಿಲ್ವಾ? ಗ್ರೀಸಿನ ತತ್ವಜ್ಞಾನಿ ಎಪಿಕ್ಯೂರಸ್‌ ಹೆಸರಲ್ಲಿ ಎರಡು ಸಾವಿರ ವರ್ಷದಿಂದ ಈ ಪ್ರಶ್ನೆ ಇದೆ. ಅಮ್ಮನ ವಿಷಯದಲ್ಲೂ ನಾನು ಇದನ್ನೇ ಕೇಳಬೇಕಿತ್ತು. ಯಾರನ್ನ ಕೇಳಲಿ?"

ಮಾವ ಬೆಟ್ಟದ ಆ ಗಾಯವನ್ನೇ ನೋಡುತ್ತಿದ್ದರು. "ಬ್ರಹ್ಮಸೂತ್ರದಲ್ಲೂ ಇದೇ ಪ್ರಶ್ನೆ ಇದೆ. ವೈಷಮ್ಯ, ನೈರ್ಘೃಣ್ಯ. ದೇವರು ಪಕ್ಷಪಾತಿಯಾ, ಕ್ರೂರಿಯಾ ಅಂತ. ಅಲ್ಲ, ಅವರವರ ಕರ್ಮ ನೋಡಿ ಫಲ ಕೊಡ್ತಾನೆ ಅಂತ ಉತ್ತರ. ನಾನು ಅದನ್ನ ಎಷ್ಟೋ ವರ್ಷ ಪಾಠ ಮಾಡಿದೀನಿ." ಸ್ವಲ್ಪ ತಡೆದರು. "ನಿಮ್ಮಮ್ಮ ಹೋದ ದಿನ ಒಬ್ಬರು ಬಂದು ನನ್ನ ಮುಂದೆ ಅದೇ ಉತ್ತರ ಹೇಳಿದರು. ಕರ್ಮ ಅಂತ. ಆಮೇಲೆ ನಾನು ಅವರ ಮುಖ ನೋಡಿಲ್ಲ."

ಗುಡಿ ಇರುವ ಜಾಗ ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರ. ಗಾಳಿಗೆ ಮಾವನ ಶಲ್ಯ ಹಾರುತ್ತಿತ್ತು. ಸಂಕ್ರಮಣದ ದಿನ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಕ್ಟೋಬರ್ 17ರ ಆಸುಪಾಸಿನಲ್ಲಿ ಸೂರ್ಯ ತುಲಾ ರಾಶಿಗೆ ಬರುವ ಗಳಿಗೆಗೆ, ಅದು ನಡುರಾತ್ರಿಯಾಗಲಿ ನಡುಹಗಲಾಗಲಿ, ಕುಂಡಿಕೆಯಲ್ಲಿ ತೀರ್ಥ ಉಕ್ಕುತ್ತದೆ ಅಂತ ಕಾಯುತ್ತಾರೆ. ಮಾರನೇ ದಿನ ಕೊಡಗಿನ ಮನೆಗಳಲ್ಲಿ ಕಣಿ ಪೂಜೆ. ಕೆಂಪು ರೇಷ್ಮೆ, ಹೂವು, ಒಡವೆ ಹಾಕಿ ಕಾವೇರಮ್ಮನನ್ನು ಕೂರಿಸಿ ಹೆಂಗಸರು ಪೂಜೆ ಮಾಡುತ್ತಾರೆ. ನಾವು ಹೋದಾಗ ಅಷ್ಟು ಜನ ಇರಲಿಲ್ಲ.

ಬ್ರಹ್ಮಕುಂಡಿಕೆ ನಾನು ಅಂದುಕೊಂಡದ್ದಕ್ಕಿಂತ ತುಂಬ ಚಿಕ್ಕದು. ಕಲ್ಲು ಕಟ್ಟಿದ ಸಣ್ಣ ಚೌಕ, ಮೇಲೆ ಹೂವು, ಕುಂಕುಮದ ನೀರು. ಸುಮಾರು 800 ಕಿ.ಮೀ. ಹರಿಯುವ ಹೊಳೆ ಇಲ್ಲಿಂದ ಹೊರಡುತ್ತದೆ ಅಂದರೆ ಕೈ ತಾನಾಗಿ ನೀರಿಗೆ ಹೋಗುತ್ತದೆ. ನನ್ನದೂ ಹೋಯಿತು. ನೀರು ಯಾವುದರಲ್ಲಿ ನೇಯ್ದಿದೆ ಅಂತ ಕೇಳಿದವಳು ನೆನಪಾದಳು. ಬೆಟ್ಟದ ಹುಲ್ಲು, ಶೋಲಾ ಕಾಡು ಮಳೆಗಾಲದ ನೀರನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ, ಅದು ನನಗೆ ಗೊತ್ತು. ಗೊತ್ತಿದ್ದರೂ ಬೆರಳಿಗೆ ಆ ತಣ್ಣನೆ ತಾಗಿದಾಗ ಅಮ್ಮನ ಕೈ ನೆನಪಾಯಿತು. ಇದು ತರ್ಕವಲ್ಲ, ಆದದ್ದು ಹೇಳುತ್ತಿದ್ದೇನೆ.

ಅರ್ಚಕರು ಕೊಟ್ಟ ತೀರ್ಥವನ್ನು ಮಾವ ಬಾಟಲಿಗೆ ತುಂಬಿಸಿಕೊಂಡರು. ಗಣಪತಿಗೆ ಕೈಮುಗಿದರು. ಆಮೇಲೆ ಅಗಸ್ತ್ಯೇಶ್ವರನ ಗುಡಿ ಮುಂದೆ ನಿಂತರು. ಕೈ ಮುಗಿಯಲಿಲ್ಲ. ಬಾಟಲಿ ಎದೆಗೆ ಒತ್ತಿಕೊಂಡು ಸುಮ್ನೆ ನಿಂತರು. ನಾನು ಹತ್ತಿರ ಹೋದೆ.

"ಕಾವೇರಿ ಕತೆ ಗೊತ್ತಲ್ಲ ನಿನಗೆ?"

ಗೊತ್ತು. ಕವೇರ ಮುನಿಯ ಸಾಕುಮಗಳು. ಜನರಿಗೆ ಹೊಳೆಯಾಗಿ ಹರಿಯಬೇಕು ಅನ್ನೋದು ಅವಳ ಆಸೆ. ಅಗಸ್ತ್ಯ ಮದುವೆಯಾಗು ಅಂದ. ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು, ಹೋದರೆ ನಾನು ಹರಿದು ಹೋಗುತ್ತೇನೆ ಅಂತ ಮಾತು ತಗೊಂಡಳು. ಒಂದು ದಿನ ಅವನು ಅವಳನ್ನು ಕಮಂಡಲದಲ್ಲಿ ಇಟ್ಟು ಸ್ನಾನಕ್ಕೆ ಹೋದ. ಅವಳು ಹೊರಟಳು. ಶಿಷ್ಯರು ತಡೆದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಎದ್ದಳು. ಮುಂದೆ ಬಲಮುರಿಯಲ್ಲಿ ಅವಳ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ ಹೋಯಿತು, ಕೊಡವತಿಯರು ಇವತ್ತಿಗೂ ಹಾಗೇ ಉಡುತ್ತಾರೆ.

"ನನಗಾಗ ಹದಿನಾರು, ನಿಮ್ಮಮ್ಮನಿಗೆ ಒಂಬತ್ತು" ಅಂದರು ಮಾವ. "ರಾಮೋತ್ಸವದಲ್ಲಿ ಹರಿಕಥೆಗೆ ಹೋಗಿದ್ವಿ. ದಾಸರು ಈ ಕತೆ ಹೇಳಿದರು. ರಾತ್ರಿ ಊಟಕ್ಕೆ ಕೂತಾಗ ಅವಳು ಕೇಳಿದಳು. ಅಣ್ಣ, ಮಾತು ಕೊಟ್ಟು ತಪ್ಪಿದ್ದು ಅಗಸ್ತ್ಯ ಅಲ್ವಾ? ಮತ್ತೆ ಅವನಿಗ್ಯಾಕೆ ಪೂಜೆ? ನಾನು ಆಗಷ್ಟೇ ತರ್ಕಸಂಗ್ರಹ ಓದೋಕೆ ಶುರು ಮಾಡಿದ್ದೆ. ತುಂಬ ತಿಳಿದವನು ನಾನು. ಋಷಿಗಳನ್ನ ಹಾಗೆಲ್ಲ ಕೇಳಬಾರದು, ನಾಲಿಗೆ ಬಿದ್ದುಹೋಗುತ್ತೆ ಅಂದೆ."

ಗಾಳಿಗೆ ಗಂಟೆಯೊಂದು ತಾನಾಗಿ ಅಲ್ಲಾಡಿತು.

"ಅವಳು ಅನ್ನ ಬಿಟ್ಟು ಎದ್ದು ಹೋದಳು. ನಡುಮನೆ ಕನ್ನಡಿ ಮುಂದೆ ನಿಂತು ನಾಲಿಗೆ ಹೊರಗೆ ಚಾಚಿ ನೋಡಿಕೊಳ್ತಿದ್ದಳು. ಇದೆಯಾ ಅಂತ. ನಾನು ನಕ್ಕೆ. ಆಮೇಲೆ ಅರವತ್ತು ವರ್ಷ ಅವಳು ನನ್ನನ್ನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಕಣಪ್ಪ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟೇ. ನೂರಾರು ಹುಡುಗರಿಗೆ ಪ್ರಶ್ನೆ ಕೇಳೋದು ಕಲಿಸಿದೆ. ಗಾರ್ಗಿ ಕತೆ ಎಷ್ಟು ಸಲ ಪಾಠ ಮಾಡಿದೀನೋ. ಮನೇಲಿದ್ದವಳು ಮತ್ತೆ ಏಳಲೇ ಇಲ್ಲ."

ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು ಗುಡಿಯ ಒಳಗೆ ನೋಡಿ ಮೆಲ್ಲಗೆ, ಮನುಷ್ಯರ ಹತ್ತಿರ ಮಾತಾಡುವ ಹಾಗೆ, "ಮಾತು ಕೊಟ್ಟು ಯಾಕೆ ತಪ್ಪಿದಿರಿ?" ಅಂದರು. ಕಾದು ನಿಂತರು. ಆಮೇಲೆ ಬಗ್ಗಿ ನಮಸ್ಕಾರ ಮಾಡಿದರು.

ನಾಲ್ಕನೇ ದಿನ: ಮುಳ್ಳೂರು

ಮಡಿಕೇರಿಯಿಂದ ಸೋಮವಾರಪೇಟೆ, ಶನಿವಾರಸಂತೆ ದಾರಿ ಹಿಡಿದೆವು. ಕೊಡಗು ಅಂದರೆ ಜಲಪಾತ, ಹೋಂಸ್ಟೇ ಅನ್ನುವವರು ಈ ಕಡೆ ಬರುವುದು ಕಡಿಮೆ. ಶನಿವಾರಸಂತೆಯ ಹತ್ತಿರ ಮುಳ್ಳೂರು ಅಂತ ಹಳ್ಳಿ. ಅಲ್ಲಿ ಒಂದೇ ಆವರಣದಲ್ಲಿ ಮೂರು ಜೈನ ಬಸದಿ ಇವೆ. ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ. ಕೊಂಗಾಳ್ವ ಅರಸರ ಕಾಲದ್ದು, ಹನ್ನೊಂದನೇ ಶತಮಾನ. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ 1058ರಲ್ಲಿ ಇಲ್ಲಿ ಬಸದಿ ಮಾಡಿಸಿದಳು ಅಂತ ಶಾಸನ ಇದೆ. ಅವಳ ಗುರು ಗುಣಸೇನ ಪಂಡಿತರು. ಆ ಕಾಲಕ್ಕೆ ಈ ಸಣ್ಣ ಊರು ಒಂದು ವಿದ್ಯೆಯ ಜಾಗ.

ಈಗ ಪೂಜೆ ಜೋರಾಗಿ ನಡೆಯುವ ಜಾಗವಲ್ಲ. ಹುಲ್ಲು, ಕಲ್ಲು, ಎಲ್ಲಿಂದಲೋ ಹಕ್ಕಿಯ ಕೂಗು. ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕಾಯಿತು. ಮಾವ ಕಲ್ಲಿನ ತಂಪಿಗೆ ಬರಿಗಾಲಲ್ಲಿ ನಿಂತು ಒಂದು ಶ್ಲೋಕ ಹೇಳಿದರು. ನನಗೆ ಗೊತ್ತಿರಲಿಲ್ಲ.

"ಸಮಂತಭದ್ರರದ್ದು" ಅಂದರು. "ದಕ್ಷಿಣದ ದೊಡ್ಡ ದಿಗಂಬರ ಆಚಾರ್ಯರು. ಆಪ್ತಮೀಮಾಂಸೆಯ ಮೊದಲ ಶ್ಲೋಕ. ಯಾರಿಗೆ ಹೇಳ್ತಾರೆ ಗೊತ್ತಾ? ಜಿನನಿಗೇ. ದೇವತೆಗಳು ಇಳಿದು ಬರ್ತಾರೆ, ಆಕಾಶದಲ್ಲಿ ಓಡಾಡ್ತೀಯ, ಚಾಮರ ಬೀಸ್ತಾರೆ. ಇದೆಲ್ಲ ಮಾಯಾವಿಗಳಲ್ಲೂ ಕಾಣುತ್ತೆ. ಇದಕ್ಕಾಗಿ ನೀನು ನಮಗೆ ದೊಡ್ಡವನಲ್ಲ."

ಮೈ ಜುಂ ಅಂದಿತು. ಸನ್ಯಾಸಿಯೊಬ್ಬ ತನ್ನ ತೀರ್ಥಂಕರನ ಎದುರು ನಿಂತು ಆಡುವ ಮಾತು ಇದು. ಮುಂದೆ ಪುಸ್ತಕದುದ್ದಕ್ಕೂ ಅವರು ಒಂದೊಂದೇ ಮತವನ್ನು ತೂಗಿ ನೋಡುತ್ತಾರಂತೆ. ನಿನ್ನ ಮಾತು ಯುಕ್ತಿಗೆ, ಶಾಸ್ತ್ರಕ್ಕೆ ವಿರುದ್ಧ ಹೋಗೋದಿಲ್ಲ, ಅದಕ್ಕೇ ನೀನು ನಂಬಿಕೆಗೆ ತಕ್ಕವನು ಅನ್ನುತ್ತಾರಂತೆ. ಬೈಲುಕುಪ್ಪೆಯಲ್ಲಿ ನಾನು ಕೇಳಿದ್ದ ಪ್ರಶ್ನೆ ಇಲ್ಲೂ ಇದೆ, ಅವರು ಹೊರಟದ್ದೇ ಆ ಕಡೆ ಮುಖ ಮಾಡಿ. ಅದನ್ನು ನಾನು ಬಿಟ್ಟುಕೊಡಲಾರೆ. ಆದರೆ ಪವಾಡವನ್ನು ಬಾಗಿಲಲ್ಲೇ ನಿಲ್ಲಿಸಿ ಒಳಗೆ ಹೋಗುವ ಧೈರ್ಯ ಎಷ್ಟು ಭಕ್ತರಿಗಿದೆ? ಮತ್ತೆ, ಹಾಗೆ ಕೇಳಿದವರನ್ನು ಅವರ ಜನ ಹೊರಗೆ ಹಾಕಲಿಲ್ಲ. ಆಚಾರ್ಯರು ಅಂದರು.

ಹಿಂದಿರುಗುವ ದಾರಿಯಲ್ಲಿ ಕುಶಾಲನಗರಕ್ಕೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ತೀರ್ಥದ ಬಾಟಲಿ ಮಾವನ ತೊಡೆಯ ಮೇಲಿತ್ತು. ನನಗೆ ನಿನ್ನೆಯಿಂದ ಒಂದು ನೆನಪು ಕಾಡುತ್ತಿತ್ತು. ಹೇಳಲೋ ಬೇಡವೋ ಅಂತ ಅಷ್ಟು ದೂರವೂ ಯೋಚನೆ ಮಾಡಿದೆ.

"ಮಾವ, ನಾನು ಚಿಕ್ಕವನಿದ್ದಾಗ ರಜಕ್ಕೆ ನೀವು ಬಂದಾಗೆಲ್ಲ ಒಂದಲ್ಲ ಒಂದು ಕೇಳ್ತಿದ್ನಲ್ಲ, ನೆನಪಿದೆಯಾ? ರಾಮ ವಾಲಿಯನ್ನ ಮರೆಯಲ್ಲಿ ನಿಂತು ಹೊಡೆದದ್ದು ಸರಿನಾ ಅಂತ ಒಂದು ಸಲ."

"ನೆನಪಿಲ್ಲದೆ ಏನು? ಒಂದು ಗಂಟೆ ಹೇಳಿದ್ದೆ. ಎಂಟು ವರ್ಷದ ಹುಡುಗ ಎಂಥ ಪ್ರಶ್ನೆ ಕೇಳ್ತಾನೆ ಅಂತ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ."

"ಅದು ನಂದಲ್ಲ ಮಾವ. ಅಮ್ಮ ಕಳಿಸಿದ್ದು. ಮಾವನ್ನ ಕೇಳ್ಕೊಂಡು ಬಾ ಅಂತಿದ್ರು. ನೀವು ಹೇಳುವಾಗ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿರ್ತಿದ್ರು. ಕೈಯಲ್ಲಿ ಸೌಟು ಹಾಗೇ ಇರ್ತಿತ್ತು. ಒಂದು ಸಲ ಸಾರು ಉಕ್ಕಿ ಒಲೆ ಆರಿಹೋಗಿತ್ತು."

ಸೇತುವೆ ಹತ್ತಿರ ಬಂದಿತ್ತು. ಮಾವ ಕಿಟಕಿಯ ಕಡೆ ಮುಖ ಮಾಡಿದ್ದರು.

"ಕಾರು ನಿಲ್ಲಿಸು" ಅಂದರು.

ಸೇತುವೆಗೆ ಮುಂಚೆ ಬದಿಯಲ್ಲಿ ನಿಲ್ಲಿಸಿದೆ. ಇಳಿದು ನೀರಿನ ಹತ್ತಿರಕ್ಕೆ ಹೋದೆವು. ಅವರು ಕಲ್ಲಿನ ಮೇಲೆ ಕೂತು, ಬಾಟಲಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಶಲ್ಯದಿಂದ ಮುಖ ಒರೆಸಿಕೊಂಡರು.

"ಇನ್ನೂ ಏನೇನು ಕೇಳಿ ಕಳಿಸಿದ್ದಳು? ನೆನಪಿದ್ದಷ್ಟು ಹೇಳು. ಒಂದೊಂದೇ ಹೇಳು."

ನಾನು ಪಕ್ಕದಲ್ಲಿ ಕೂತು, ನೆನಪು ಮಾಡಿಕೊಂಡು, ಮೊದಲನೆಯದರಿಂದ ಶುರು ಮಾಡಿದೆ.